ಆರು ಕಾರ್ಡು, ಒಂದು ತಾಟು ಗಂಧಕ

ಗೊತ್ತಿಲ್ಲದ ವಿಷಯದಲ್ಲಿ ತಪ್ಪು ಮಾಡಿದವನನ್ನು ಜನ ಕ್ಷಮಿಸುತ್ತಾರೆ. ‘ಪಾಪ, ಅವನಿಗೇನು ಗೊತ್ತು’ ಎಂದು ಒಂದು ಕಪ್ ಚಹಾ ಕುಡಿಸಿ ಕಳಿಸುತ್ತಾರೆ. ಆದರೆ ಗೊತ್ತಿರುವ ವಿಷಯದಲ್ಲಿಯೇ, ಅದೂ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿ, ತಪ್ಪು ಬರೆದವರ ಅಂಕ ಕಡಿದ ವಿಷಯದಲ್ಲಿಯೇ ಎಡವಿದವನಿಗೆ ಆ ಚಹಾ ಸಿಗುವುದಿಲ್ಲ. ನಾನು ಈ ಎರಡನೆಯ ಗುಂಪಿನವನು. ಯಳವಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಜತ್ತದಲ್ಲಿ. ಮನೆಯಲ್ಲಿ ನಾನು, ಹೆಂಡತಿ ಮಹಾದೇವಿ, ಮಗಳು ಅಕ್ಷತಾ ಮೂವರೇ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಾಲ್ಕನೆಯದಾಗಿ ಒಂದು ಯಂತ್ರ ಬಂದು ಸೇರಿಕೊಂಡಿತು. ನನ್ನ ತಪ್ಪಿನ ಕಥೆ ಅಲ್ಲಿಂದ ಶುರು.

ಅಕ್ಷತಾ ಕಟ್ಟಡ ಕಟ್ಟುವ ವಿದ್ಯೆಯ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ವರ್ಷದ ಕೊನೆಗೆ ಒಂದು ಕಟ್ಟಡದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ಮಾಡಿ ಕೊಡಬೇಕು, ಅದಿಲ್ಲದಿದ್ದರೆ ಪಾಸಿಲ್ಲ. ಕಾಲೇಜಿನಲ್ಲಿದ್ದ ಕಂಪ್ಯೂಟರುಗಳು ಕಡಿಮೆ, ಪಾಳಿ ಹಚ್ಚಬೇಕು. ಪಾಳಿ ಬಂದಾಗ ಕರೆಂಟು ಹೋಗಬಾರದು, ಕರೆಂಟು ಇದ್ದಾಗ ಯಂತ್ರ ಹಟ ಮಾಡಬಾರದು. ಹೀಗಾಗಿ ದೀಪಾವಳಿಯಲ್ಲಿಯೇ ಅವಳಿಗೆ ಮನೆಯಲ್ಲೊಂದು ಕಂಪ್ಯೂಟರು ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಒಂದು ಯಂತ್ರಕ್ಕೆ ಆರು ಗ್ರಾಫಿಕ್ಸ್ ಕಾರ್ಡು ಜೋಡಿಸಿ ಬಿಟ್ಟರೆ ಅದು ಬಿಡುವಿಲ್ಲದೆ ಏನೇನೋ ಲೆಕ್ಕ ಬಿಡಿಸುತ್ತ ಕೂರುತ್ತದಂತೆ. ಆ ಲೆಕ್ಕಕ್ಕೆ ಕೂಲಿಯಾಗಿ ಕಣ್ಣಿಗೆ ಕಾಣದ ನಾಣ್ಯದ ಚೂರುಗಳು ಬಂದು ಬೀಳುತ್ತವಂತೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಮೊದಲು ಈ ಯಂತ್ರ. ಅದು ದುಡಿದು ಮಗಳಿಗೆ ಕಂಪ್ಯೂಟರು ಕೊಡಿಸಲಿ. ಮಹಾದೇವಿ ಎಲ್ಲವನ್ನೂ ಶಾಂತವಾಗಿ ಕೇಳಿ, “ಈ ಲೆಕ್ಕಾ ಯಾರಿಗೆ ಬೇಕಾಗ್ಯಾವ್ರಿ?” ಎಂದಳು. ಉತ್ತರ ಹುಡುಕಲು ನಾನು ಇನ್ನೊಂದು ವಿಡಿಯೋ ಹಚ್ಚಿದೆ. ಇಂದಿಗೂ ಸಿಕ್ಕಿಲ್ಲ.

ಮುಂದಿನ ಒಂದು ತಿಂಗಳು ನಾನು ಆ ಯಂತ್ರದ ಅಂಗಾಂಗಗಳ ಧ್ಯಾನದಲ್ಲಿ ಕಳೆದೆ. ಆರು ಕಾರ್ಡಿಗೆ ಜಾಗವಿರುವ ಮದರ್‌ಬೋರ್ಡು ಯಾವುದು? ಕಾರ್ಡುಗಳು ಒಂದಕ್ಕೊಂದು ತಾಗದಂತೆ ದೂರ ಇಡಲು ಬೇಕಾದ ಉದ್ದನೆಯ ಕೇಬಲ್ಲು ಎಂಥದಿರಬೇಕು? ಪವರ್ ಸಪ್ಲೈ ಒಂದು ಸಾಕೇ, ಎರಡು ಬೇಕೇ? ಎಲ್ಲಕ್ಕಿಂತ ದೊಡ್ಡ ಜಿಜ್ಞಾಸೆ ರ‍್ಯಾಮಿನದು. ವಿಡಿಯೋದಲ್ಲಿ ಒಬ್ಬ ನಾಲ್ಕು ಜಿಬಿ ಧಾರಾಳ ಎಂದ. ಇನ್ನೊಬ್ಬ ಎಂಟಕ್ಕಿಂತ ಕಡಿಮೆ ಹಾಕಿದವನು ಮೂರ್ಖ ಎಂದ. ಮೂರನೆಯವನು ಹದಿನಾರೇ ಬೇಕು ಎಂದ. ಅವನ ಹಿಂದೆ ಅವನದೇ ಅಂಗಡಿಯ ಬೋರ್ಡು ಕಾಣುತ್ತಿತ್ತು. ವಿಡಿಯೋ ಹಿಂದಿಯಲ್ಲಿ, ಪೆಟ್ಟಿಗೆಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ಅಂಗಡಿಯವರ ಮಾತು ಮರಾಠಿಯಲ್ಲಿ, ಹೆಂಡತಿಯ ವಿರೋಧ ಕನ್ನಡದಲ್ಲಿ. ನಾಲ್ಕರಲ್ಲಿ ಸ್ಪಷ್ಟವಾಗಿದ್ದದ್ದು ಕೊನೆಯದು ಮಾತ್ರ.

ಕಡೆಗೆ ನಾನೇ ಒಂದು ಸಿದ್ಧಾಂತ ಮಾಡಿಕೊಂಡೆ. ನಮ್ಮ ಶಾಲೆಯನ್ನೇ ನೋಡಿ. ತರಗತಿಗಳಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವವರು ಶಿಕ್ಷಕರು. ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕೂತು ಯಾರು ಯಾವ ವರ್ಗಕ್ಕೆ ಹೋಗಬೇಕು ಎಂದಷ್ಟೇ ಹೇಳುತ್ತಾರೆ. ಅದಕ್ಕೆ ಬಹಳ ತಲೆ ಬೇಕಾಗಿಲ್ಲ. ಹಾಗೆಯೇ ದುಡಿಯುವವು ಆರು ಕಾರ್ಡು. ರ‍್ಯಾಮು ಬರೀ ಹಾಜರಿ ಪುಸ್ತಕ ಹಿಡಿದು ಕೂರುವಂಥದು. ನಾಲ್ಕು ಜಿಬಿ ಸಾಕು. ಈ ಸಿದ್ಧಾಂತವನ್ನು ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರೆಂಬುದು ಬೇರೆ ಮಾತು.

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಅಕ್ಷತಾಳನ್ನೂ ಕರೆದುಕೊಂಡು ಹೋದೆ. ಅಂಗಡಿಯವನು ನನ್ನ ಸಾಮಾನಿನ ಚೀಟಿ ನೋಡಿ, ಮರಾಠಿ ಬಿಟ್ಟು ಕನ್ನಡದಲ್ಲಿ, “ಆರು ಕಾರ್ಡ್ ಏನು ಮಾಡ್ತೀರಿ ಸರ? ಒಂದೊಂದು ವರ್ಗಕ್ಕ ಒಂದೊಂದೇನ್ರಿ?” ಎಂದು ನಕ್ಕ. ಎಲ್ಲ ಕಟ್ಟಿಸಿದ ಮೇಲೆ ರ‍್ಯಾಮಿನ ಸರದಿ ಬಂತು. ಅವನು ಗಾಜಿನ ಕಪಾಟಿನ ಮೇಲೆ ಒಂದು ಕಡೆ ನಾಲ್ಕು ಜಿಬಿಯ ಒಂದೇ ಪಟ್ಟಿ, ಇನ್ನೊಂದು ಕಡೆ ಎಂಟೆಂಟರ ಎರಡು ಪಟ್ಟಿ ಇಟ್ಟ. ಅಕ್ಷತಾ ನನ್ನ ತೋಳು ಮುಟ್ಟಿ ಸಣ್ಣ ದನಿಯಲ್ಲಿ ಹೇಳಿದಳು: “ಅಪ್ಪಾ, ನನ್ನ ನಕ್ಷಾಕ್ಕ ಕಾರ್ಡ್ ಒಂದ ಸಾಕ್ರಿ. ರ‍್ಯಾಮ್ ಮಾತ್ರ ಹದಿನಾರು ಬೇಕು. ಎಂಟರವು ಎರಡು ತಗೊಂಡ್ರ ಮುಂದ ನನಗರ ಬರ್ತಾವ.”

ನನ್ನ ಕೈ ಎಂಟರ ಕಡೆಗೆ ಹೋಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. “ಶಾಸ್ತ್ರದ ಪ್ರಕಾರ ನಾಲ್ಕು ಸಾಕವ್ವಾ. ನಿಂದು ಮುಂದಿನ ತಿಂಗಳು ಬರ್ತದ” ಎಂದೆ. ಅವಳು ಮರುಮಾತಾಡಲಿಲ್ಲ. ಮರುಮಾತಾಡುವ ಮಕ್ಕಳು ತಂದೆಗೆ ಎಷ್ಟು ಉಪಕಾರ ಮಾಡುತ್ತಾರೆಂಬುದು ನನಗೆ ಆಗ ತಿಳಿದಿರಲಿಲ್ಲ.

ಯಂತ್ರಕ್ಕೆ ಸಿದ್ಧ ಚೌಕಟ್ಟು ಸಿಗುತ್ತದೆ, ನಾನು ತರಲಿಲ್ಲ. ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು ಇರುವಾಗ ಚೌಕಟ್ಟೇಕೆ? ಸುತ್ತ ತೂತು, ಗಾಳಿ ಆಡುತ್ತದೆ. ಎರಡು ಕ್ರೇಟುಗಳಲ್ಲಿ ಅಕ್ಷತಾಳೇ ಎಲ್ಲವನ್ನೂ ಜೋಡಿಸಿಕೊಟ್ಟಳು. ಸ್ವಿಚ್ಚು ಒತ್ತಿದಾಗ ಒಂದೊಂದು ಕಾರ್ಡಿಗೆ ಎರಡರಂತೆ ಹನ್ನೆರಡು ಫ್ಯಾನು ಒಮ್ಮೆಗೇ ಎದ್ದವು. ಮೂರನೆಯ ದಿನಕ್ಕೆ ನಮ್ಮ ಪಡಸಾಲೆ ಹಿಟ್ಟಿನ ಗಿರಣಿಯಷ್ಟು ಸದ್ದು, ಒಲೆಯಷ್ಟು ಬಿಸಿ. ಮಹಾದೇವಿ ಅದರ ಪಕ್ಕದಲ್ಲಿ ಸಂಡಿಗೆ ಹರವಿ ನೋಡಿದಳು, ಮಧ್ಯಾಹ್ನದೊಳಗೆ ಒಣಗಿದವು. ಯಂತ್ರದ ಬಗ್ಗೆ ಅವಳಾಡಿದ ಒಂದೇ ಒಳ್ಳೆಯ ಮಾತು ಆ ದಿನದ್ದು. ಮರುದಿನ, “ಇದರ ಇರಬೇಕು, ಇಲ್ಲಾ ನಾವರ ಇರಬೇಕು” ಎಂದು ಕಡ್ಡಿ ಮುರಿದಂತೆ ಹೇಳಿದಳು.

ಆಗ ನೆನಪಾದವಳು ನಮ್ಮ ಶಾಂತಕ್ಕ. ನನ್ನ ಒಡಹುಟ್ಟಿದ ಅಕ್ಕ, ಜತ್ತದ ಹತ್ತಿರದ ಶೇಗಾಂವದಲ್ಲಿರುತ್ತಾಳೆ. ಹೊಲದಲ್ಲಿ ದ್ರಾಕ್ಷಿ, ಬದಿಗೆ ಒಣದ್ರಾಕ್ಷಿ, ಅಂದರೆ ನಮ್ಮ ಕಡೆಯ ಮಣೂಕ, ಮಾಡುವ ಶೆಡ್ಡು. ಗೋಡೆಯಿಲ್ಲದ ಉದ್ದನೆಯ ಶೆಡ್ಡು, ಮೇಲೆ ತಗಡು, ಒಳಗೆ ಒಂದರ ಮೇಲೊಂದು ಬಲೆ ಕಟ್ಟಿ ಅದರ ಮೇಲೆ ದ್ರಾಕ್ಷಿ ಹರವುತ್ತಾರೆ. ಬೀಸುವ ಒಣಗಾಳಿಗೆ ಎರಡು ವಾರದಲ್ಲಿ ಒಣಗುತ್ತದೆ. ಮಾಲು ಬಲೆಯ ಮೇಲಿರುವಷ್ಟು ದಿನ ಅಕ್ಕ ಆಕಾಶ ನೋಡುತ್ತಲೇ ಊಟ ಮಾಡುತ್ತಾಳೆ. ಇಂಥ ಗಾಳಿಗಿಂತ ಯಂತ್ರಕ್ಕೆ ಇನ್ನೇನು ಬೇಕು? ಕ್ರೇಟುಗಳನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಹೋದೆ.

ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಯಂತ್ರದ ಸುತ್ತ ಒಂದು ಸುತ್ತು ಹಾಕಿದಳು. “ಇದಕ್ಕ ಏನೇನು ನೋಡ್ಕೋಬೇಕೋ ತಮ್ಮಾ?” ಎಂದಳು.

“ಏನಿಲ್ಲಕ್ಕಾ. ಗಾಳಿ ಬೇಕು, ನೆರಳು ಬೇಕು, ಹಸಿ ತಾಗಬಾರದು. ಅಷ್ಟ.”

“ಹಂಗಾರ ನಮ್ಮ ಮಣೂಕದಂಗ ಅದ ಬಿಡು” ಎಂದಳು ಅಕ್ಕ ಸಮಾಧಾನದಿಂದ.

ನಾನೂ ನಕ್ಕು ಹೌದೆಂದೆ. ಆ ‘ಹೌದು’ ನನಗೆ ಎಷ್ಟು ದುಬಾರಿಯಾಯಿತೆಂಬುದನ್ನು ಮುಂದೆ ಕೇಳಿ.

ಹನ್ನೊಂದು ದಿನ ಯಂತ್ರ ಸರಿಯಾಗಿ ನಡೆಯಿತು. ಏನು ಗಳಿಸಿತೆಂದು ಕೇಳಬೇಡಿ. ಕಾಣದ ನಾಣ್ಯ ನನಗೂ ಕಾಣಲಿಲ್ಲ. ಇತ್ತ ಅಕ್ಷತಾ ದಿನವೂ ಕಾಲೇಜಿನ ಪಾಳಿಯಲ್ಲಿ ಕೂತು ಬರುತ್ತಿದ್ದಳು. ಒಂದು ಸಂಜೆ ಬಂದವಳೇ ಚೀಲ ಇಟ್ಟು ಗೋಡೆಗೆ ಮುಖಮಾಡಿ ಮಲಗಿದಳು. ಉಳಿಸುವಾಗಲೇ ಕಾಲೇಜಿನ ಕಂಪ್ಯೂಟರು ನಿಂತು ನಾಲ್ಕು ದಿನದ ನಕ್ಷೆಯ ಫೈಲೇ ಕೆಟ್ಟುಹೋಗಿತ್ತಂತೆ. ಇದನ್ನು ನನಗೆ ಹೇಳಿದವಳು ಅವಳಲ್ಲ, ಅವಳ ತಾಯಿ. “ಎಂಟರವು ಎರಡು” ಎಂದ ಆ ಸಣ್ಣ ದನಿ ಕಿವಿಯಲ್ಲಿ ಕೇಳಿದಂತಾಯಿತು. ನಾಚಿಕೆಯಾಯಿತು. ಆದರೂ ಮರುದಿನ ಅಂಗಡಿಗೆ ಹೋಗಲಿಲ್ಲ. ಯಂತ್ರ ಹೇಗೂ ದುಡಿಯುತ್ತಿದೆಯಲ್ಲ ಎಂದುಕೊಂಡೆ. ನಾಚಿಕೆ ಬೇರೆ, ಬುದ್ಧಿ ಬೇರೆ.

ಆ ವಾರವೇ ಮೋಡ ಕವಿಯಿತು. ಶನಿವಾರ ಮಧ್ಯಾಹ್ನ ನಾನು ಸ್ಟಾಫ್‌ರೂಮಿನಲ್ಲಿ ಎಂಟನೆಯ ವರ್ಗದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಗಂಧಕವನ್ನು ಉರಿಸಿದಾಗ ಏನಾಗುತ್ತದೆ?’ ಎಂಬುದು ಪ್ರಶ್ನೆ. ಒಬ್ಬಳು ಹುಡುಗಿ ‘ಘಾಟು ಹೊಗೆ ಬರುತ್ತದೆ, ಕೆಮ್ಮು ಬರುತ್ತದೆ’ ಎಂದು ಬರೆದಿದ್ದಳು. ಆ ಹೊಗೆ ತೇವದ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ ಎಂದು ಬರೆಯದ್ದಕ್ಕೆ ಅರ್ಧ ಅಂಕ ಕಡಿದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಲಕ್ಷ್ಯಕೊಟ್ಟು ಓದು’ ಎಂದು ಬರೆದೆ. ಅಷ್ಟರಲ್ಲಿ ಅಕ್ಕನ ಫೋನು ಬಂತು.

“ತಮ್ಮಾ, ಮಾಡ ಭಾಳ ಆಗ್ಯಾವ. ಶೆಡ್ಡಿಗೆ ಪಡದಾ ಬಿಟ್ಟು ಧೂರಿ ಹಾಕಾಕತ್ತೀವಿ. ನಿನ್ನ ಮಷಿನ್ನಿನ ಚಿಂತಿ ಮಾಡಬ್ಯಾಡ, ನಾ ನೋಡ್ಕೋತೀನಿ.”

“ಆಯ್ತಕ್ಕಾ, ಚಲೋ ಆತು” ಎಂದು ಫೋನಿಟ್ಟು ಮುಂದಿನ ಪತ್ರಿಕೆಗೆ ಕೈಹಾಕಿದೆ.

ಧೂರಿ ಎಂದರೆ ಏನೆಂದು ನಮ್ಮ ಕಡೆಯ ಎಳೆಗೂಸಿಗೂ ಗೊತ್ತು. ಹಸಿ ಹವೆಗೆ ಒಣದ್ರಾಕ್ಷಿ ಬೂಷ್ಟು ಹಿಡಿಯಬಾರದು, ಬಣ್ಣ ಕೆಡಬಾರದು ಎಂದು ಶೆಡ್ಡನ್ನು ಪರದೆಯಿಂದ ಮುಚ್ಚಿ ಒಳಗೆ ತಾಟಿನಲ್ಲಿ ಗಂಧಕ ಉರಿಸಿ ಹೊಗೆ ಹಾಕುತ್ತಾರೆ. ನಾನು ಹುಟ್ಟಿ ಬೆಳೆದದ್ದು ಆ ಘಾಟಿನಲ್ಲಿಯೇ. ಕೈಯಲ್ಲಿ ಗಂಧಕದ ಪ್ರಶ್ನೆ, ಕಿವಿಯಲ್ಲಿ ಗಂಧಕದ ಸುದ್ದಿ. ಇವೆರಡರ ನಡುವೆ ಇದ್ದ ನನ್ನ ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ.

ದಿನವೂ ಮೊಬೈಲಿಗೆ ಬರುತ್ತಿದ್ದ ಯಂತ್ರದ ಸುದ್ದಿ ಸೋಮವಾರ ಬರಲಿಲ್ಲ. ಶಾಲೆ ಬಿಟ್ಟ ಕೂಡಲೇ ಅಕ್ಷತಾಳ ಜೊತೆ ಶೇಗಾಂವಕ್ಕೆ ಹೋದೆ. ಮೋಡ ಚೆದುರಿತ್ತು, ಪರದೆ ಎತ್ತಿದ್ದರು. ಬಲೆಯ ತುಂಬ ಒಣದ್ರಾಕ್ಷಿ ಬಂಗಾರದ ಬಣ್ಣಕ್ಕೆ ತಿರುಗಿ ನಗುತ್ತಿತ್ತು. ಅಕ್ಕನೂ ನಗುತ್ತಿದ್ದಳು. “ಒಂದ ಕಾಳಿಗೂ ಬೂಸ್ಟ ಹಿಡಿದಿಲ್ಲ ನೋಡು. ನಿನ್ನ ಮಷಿನ್ನಿಗೂ ಹಿಡಿಬಾರದು ಅಂತ ಅದರ ಬುಡಕ್ಕ ಬ್ಯಾರೆನ ಒಂದು ತಾಟು ಗಂಧಕ ಇಟ್ಟಿದ್ದೆ. ಮ್ಯಾಲ ನನ್ನ ಹೊಸಾ ಚಾದರ ಹೊಚ್ಚಿದ್ದೆ, ಧೂರಿ ಹೊರಗ ಹೋಗಬಾರದಂತ!”

ನಾನು ಚಾದರ ಎತ್ತಿದೆ. ಹನ್ನೆರಡು ಫ್ಯಾನುಗಳು ತಮ್ಮ ಕರ್ತವ್ಯ ಮಾಡಿದ್ದವು. ಸಿಕ್ಕ ಹೊಗೆಯನ್ನೆಲ್ಲ ಎಳೆದು ಎಳೆದು ಕಾರ್ಡುಗಳ ಮೇಲೆ ಊದಿದ್ದವು. ತಾಮ್ರ ಇದ್ದಲ್ಲಿ ಹಸಿರು, ಉಳಿದಲ್ಲಿ ಕಪ್ಪು. ಎಂಟನೆಯ ವರ್ಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಮಾಡಿ ತೋರಿಸಿರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ಯಾಕೋ, ಕಡಿಮಿ ಆತೇನು?” ಎಂದಳು. ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಅವಳು ತನ್ನ ಜೀವಕ್ಕೆ ಜೀವವಾದ ಮಾಲಿಗೆ ಏನು ಮಾಡುತ್ತಾಳೋ ಅದನ್ನೇ ನನ್ನ ಯಂತ್ರಕ್ಕೂ ಒಂದು ಕೈ ಹೆಚ್ಚಾಗಿಯೇ ಮಾಡಿದ್ದಳು. “ಇಲ್ಲಕ್ಕಾ, ಸಾಕಷ್ಟು ಆಗ್ಯದ” ಎಂದೆ.

ಅಕ್ಷತಾ ಚೀಲದಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ಅಲ್ಲಿಯೇ ಕೂತಳು. ಒಂದೊಂದೇ ಕಾರ್ಡು ಬಿಚ್ಚಿ ಅದರ ಅಂಚನ್ನು ತಿಕ್ಕಿದಳು, ಹಚ್ಚಿ ನೋಡಿದಳು. ಐದು ಏಳಲಿಲ್ಲ. ಆರನೆಯದರ ಫ್ಯಾನು ತಿರುಗಿತು, ಜೊತೆಗೆ ತಂದಿದ್ದ ಸಣ್ಣ ಮಾನಿಟರಿನಲ್ಲಿ ಬೆಳಕು ಬಂತು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡೆ. “ನಾ ಮೊದಲ ಹೇಳಿದ್ನಲ್ಲರಿ ಅಪ್ಪಾ, ನನಗ ಒಂದ ಸಾಕು” ಎಂದಳು. ಮರುದಿನ ಯಾವ ವಿಡಿಯೋವನ್ನೂ ಕೇಳದೆ ಅಂಗಡಿಗೆ ಹೋಗಿ ಎಂಟರ ಪಟ್ಟಿ ಎರಡು ತಂದೆ. ಅಂಗಡಿಯವನು ಏನೋ ಕೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಪಟ್ಟಿಗಳನ್ನು ಕಟ್ಟಿಕೊಟ್ಟ. ದ್ರಾಕ್ಷಿ ಕ್ರೇಟಿನಲ್ಲಿಯೇ ಮಗಳ ಕಂಪ್ಯೂಟರು ಕೂತಿತು. ಹೋಗಿದ್ದ ನಕ್ಷೆಯನ್ನು ಅವಳು ಮೊದಲಿನಿಂದ ತೆಗೆದು, ಕೊಡಬೇಕಾದ ದಿನಕ್ಕೆ ಕೊಟ್ಟಳು, ಪಾಸಾದಳು.

ನಕ್ಷೆ ಯಾವುದರದೆಂದು ನಾನು ಅಷ್ಟು ದಿನ ಕೇಳಿಯೇ ಇರಲಿಲ್ಲ. ಅಕ್ಕ ಜತ್ತಕ್ಕೆ ಬಂದಾಗ ಅಕ್ಷತಾ ಅದನ್ನು ದೊಡ್ಡ ಹಾಳೆಯ ಮೇಲೆ ಹರವಿ ತೋರಿಸಿದಳು. ಅದು ಅತ್ತೆಗಾಗಿ ಮಾಡಿದ ಹೊಸ ಶೆಡ್ಡು. ಒಬ್ಬರೇ ನಿಂತು ಹಗ್ಗ ಎಳೆದರೆ ಇಳಿಯುವ ಪರದೆ, ಧೂರಿ ಹಾಕಲು ಪೂರ್ವದ ತುದಿಗೆ ಬೇರೆ ಕಟ್ಟಡ. ಅಕ್ಕ ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣು ಮಾತ್ರ ಪಶ್ಚಿಮದ ಮೂಲೆಯಲ್ಲಿ ಎಲ್ಲದರಿಂದ ದೂರ ಇದ್ದ ಒಂದು ಸಣ್ಣ ಚೌಕದ ಮೇಲೆ ನಿಂತಿತು.

“ಇದೇನವ್ವಾ?” ಎಂದೆ.

“ಅದು ನಿಮ್ಮ ಖೋಲಿರಿ ಅಪ್ಪಾ. ಮುಂದ ಏನರ ಹೊಸಾ ಮಷಿನ್ ತಂದ್ರ ಅಲ್ಲೆ ಇಡ್ರಿ. ಗಾಳಿ ಆ ಕಡಿಂದ ಬೀಸ್ತದ, ಧೂರಿ ಬರಂಗಿಲ್ಲ.”

ಅಪ್ಪನನ್ನು ಮಗಳು ಮನಸ್ಸಿನಲ್ಲಿಟ್ಟುಕೊಂಡಿದ್ದಳಲ್ಲ ಎಂದು ಕನ್ನಡಕ ಏರಿಸಿಕೊಂಡು ಇನ್ನಷ್ಟು ಬಗ್ಗಿ ನೋಡಿದೆ. ಎರಡು ಕಿಟಕಿ ಇಟ್ಟಿದ್ದಳು, ಮೇಜಿಗೆ ಜಾಗ ಬಿಟ್ಟಿದ್ದಳು, ಬಾಗಿಲನ್ನೂ ಅಂದವಾಗಿ ಬರೆದಿದ್ದಳು. ಚಿಲಕ ಮಾತ್ರ ಒಳಗಿರಲಿಲ್ಲ, ಹೊರಗಡೆಗೆ ಇತ್ತು.