ಪಡಸಾಲೆಯ ಅಟ್ಟಣಿಗೆ

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ವಿಜಯಪುರದಲ್ಲಿ ಹೊಸ ಕಾಲದ ಗೃಹವಿನ್ಯಾಸ ಅಂತ ಏನಾದರೂ ಇದ್ದರೆ ಅದು ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದೆ. ಅದನ್ನು ಕಲ್ಪಿಸಿದ ಕಲಾವಿದ ನಾನೇ. ಗೋಳಗುಮ್ಮಟದ ನೆರಳಿನಲ್ಲಿ ಗೋಲಿ ಆಡಿ ಬೆಳೆದವನಿಗೆ ಇಷ್ಟಾದರೂ ಬರದಿದ್ದರೆ ಹೇಗೆ? ಅದೂ ಅಲ್ಲದೆ ನಾನು ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದವನು. ಎಂಜಿನಿಯರ್ ಸಾಹೇಬರ ನಕ್ಷೆಯ ಮೇಲೆ ತೆಳ್ಳನೆಯ ಹಾಳೆ ಇಟ್ಟು, ಅವರ ಗೆರೆಯ ಮೇಲೆ ನನ್ನ ಗೆರೆ ಎಳೆಯುವುದು ಕೆಲಸ. ಅಷ್ಟು ವರ್ಷದಲ್ಲಿ ಸ್ವಂತದ್ದು ಅಂತ ಬರೆದದ್ದು ಒಂದೇ: ಕಾಲುವೆಯೊಂದರ ನಕ್ಷೆಯಲ್ಲಿ ದಂಡೆಯ ಮೇಲೆ ಮಲಗಿದ ನಾಯಿ. ಅದು ಮೂರು ಮೇಜು ದಾಟಿ, ಮೂರೂ ಸಹಿ ಹಾಕಿಸಿಕೊಂಡು ವಾಪಸ್ಸು ಬಂತು. ಆಮೇಲೆ ಯಾರೋ ಸಾಹೇಬರು ಕಾಲುವೆ ನೋಡಲು ಹೋಗಿ, ನಕ್ಷೆಯಲ್ಲಿರುವ ಈ ಕಟ್ಟಡ ಎಲ್ಲಿದೆ ಎಂದು ಅರ್ಧ ದಿನ ಹುಡುಕಿದರಂತೆ.

ನಿವೃತ್ತನಾದ ಮೇಲೆ ಕೈಗೆ ಮೊಬೈಲು ಬಂತು, ಮೊಬೈಲಿನಲ್ಲಿ ಪ್ರಪಂಚದ ಮನೆಗಳೆಲ್ಲ ಬಂದವು. ಗೋಡೆ ಇಲ್ಲದ ಅಡುಗೆಮನೆ, ಬಾಗಿಲು ಇಲ್ಲದ ಬಚ್ಚಲು, ತತ್ತಿಯಂತಹ ಕುರ್ಚಿ, ಕುರ್ಚಿಯಂತಹ ದೀಪ. ಒಂದು ವಾರ ನೋಡಿದೆ. ಎಂಟನೆಯ ದಿನ ನಾನೂ ಏನಾದರೂ ಮಾಡಬೇಕು ಅನ್ನುವ ಕೆರೆತ ಹತ್ತಿತು. ಏನು ಮಾಡಬೇಕು ಎನ್ನುವುದನ್ನು ಸೊಸೆ ತೋರಿಸಿಕೊಟ್ಟಳು, ಅದೂ ಬಾಯಿ ಬಿಡದೆ.

ಸೊಸೆ ಸವಿತಾ ತಿಕೋಟಾದ ಹುಡುಗಿ, ಸಾರವಾಡದ ಶಾಲೆಯಲ್ಲಿ ಶಿಕ್ಷಕಿ. ಆಗ ಅವಳಿಗೆ ಏಳು ತಿಂಗಳು. ದಿನವೆಲ್ಲ ಮಕ್ಕಳ ಮುಂದೆ ನಿಂತು, ಬಸ್ಸಿನಲ್ಲಿ ನಿಂತು, ಮನೆಗೆ ಬಂದು ಪಡಸಾಲೆಯ ಬಾಗಿಲಿಗೆ ಒರಗಿ ಮತ್ತೆ ನಿಲ್ಲುತ್ತಿದ್ದಳು. ಯಾಕೆಂದರೆ ಫ್ಯಾನಿನ ಕೆಳಗಿನ ಸೋಫಾದ ಮೇಲೆ ಮಾವನಾದ ನಾನು ಕುಳಿತಿರುತ್ತಿದ್ದೆ. ನಮ್ಮ ಕಡೆ ಸೊಸೆಯಂದಿರು ಮಾವನ ಮುಂದೆ ಕುರ್ಚಿ ಮುಟ್ಟುವುದಿಲ್ಲ. ನೆಲದ ಮೇಲೆ ಕೂರೋಣವೆಂದರೆ ಆ ಹೊಟ್ಟೆ ಹೊತ್ತು ಕೂರುವುದೂ ಕಷ್ಟ, ಏಳುವುದು ಇನ್ನೂ ಕಷ್ಟ. ಒಂದು ಸಂಜೆ ನನ್ನ ಕಣ್ಣು ಅವಳ ಪಾದಗಳ ಮೇಲೆ ಬಿತ್ತು. ಬಾತು ಬನ್ನಿನ ಹಾಗಾಗಿದ್ದವು. ಕರುಳು ಚುರ್ ಎಂದಿತು. ಕೂತುಕೋ ಎಂದೆ. ಇರಲಿ ಎಂದಳು. ಗದರಿದೆ. ಆಗ ವಿಷಯ ಹೊರಬಿತ್ತು.

“ನಮ್ಮ ಅಮ್ಮ ಮದುವ್ಯಾಗ ಕೈಮ್ಯಾಲ ಕೈ ಹಾಕಿಸ್ಕೊಂಡು ಹೇಳ್ಯಾಳ್ರಿ ಮಾವಾರ. ನೀವು ಕುಂತ ಎತ್ತರಕ್ಕ ನಾ ಕೂಡಬಾರ್ದಂತ.”

ಅಮ್ಮ ಎಂದರೆ ಅವಳ ಅಜ್ಜಿ. ತಿಕೋಟಾದ ದ್ರಾಕ್ಷಿ ತೋಟವನ್ನೂ ಮನೆಯ ಹದಿನಾಲ್ಕು ಮಂದಿಯನ್ನೂ ಒಂದೇ ಕೋಲಿನಲ್ಲಿ ಆಳುವವರು. ಅವರಿಗೆ ಕೊಟ್ಟ ಮಾತನ್ನು ಮುರಿಯುವ ಗಂಡಸು ಆ ತಾಲೂಕಿನಲ್ಲಿಲ್ಲ, ಇನ್ನು ಮೊಮ್ಮಗಳ ಪಾಡೇನು? ನಾನೇ ಸೋಫಾ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಕೂತೆ. ಸವಿತಾ ನೀರಿನ ತಂಬಿಗೆ ಹಿಡಿದು ಹಿಂದೆಯೇ ಬಂದು, ಬಿಸಿಲಲ್ಲಿ ಯಾಕೆ ಕೂತಿರಿ ಎಂದು ಅಲ್ಲಿಯೇ ನಿಂತಳು. ಒಳಗಾದರೆ ನೆರಳಿನಲ್ಲಿ ನಿಲ್ಲುತ್ತಿದ್ದಳು. ನನ್ನ ತ್ಯಾಗದಿಂದ ಬಿಸಿಲಿಗೆ ಬಂದಳು.

ಆದರೆ ಆ ಮಾತಿನಲ್ಲಿ ಒಂದು ಸಂದು ಇತ್ತು, ಗಮನಿಸಿದಿರಾ? ಕೂರಬಾರದು ಎಂದು ಅಮ್ಮ ಹೇಳಿರಲಿಲ್ಲ. ನನ್ನ ಎತ್ತರಕ್ಕೆ ಕೂರಬಾರದು ಎಂದಿದ್ದರು. ಇದು ಸಂಪ್ರದಾಯದ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಅಳತೆ ನನ್ನ ಕ್ಷೇತ್ರ.

ಬಬಲೇಶ್ವರದಲ್ಲಿ ಲಾಲಸಾಬ ಎಂಬ ಬಡಿಗ ಇದ್ದಾನೆ, ನನ್ನ ಜೊತೆ ಶಾಲೆ ಕಲಿತವನು. ಮೊಬೈಲಿನಲ್ಲಿ ಕಂಡಿದ್ದ ತಗ್ಗಿನ ಕುರ್ಚಿಯೊಂದರ ಚಿತ್ರ ತೋರಿಸಿ, ಸೋಫಾಕ್ಕಿಂತ ಒಂದು ಗೇಣು ತಗ್ಗಿರಲಿ ಎಂದು ಮಾಡಿಸಿದೆ. ಸಾಗವಾನಿ ಕಟ್ಟಿಗೆ, ಕೈಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ತಪ್ಪಾದದ್ದು ಅಲ್ಲೇ. ಬಹಳ ಚೆನ್ನಾಗಿ ಮಾಡಿದ್ದ. ಹೊಸ ವಸ್ತು ಬಂತೆಂದು ನನ್ನ ಹೆಂಡತಿ ಸುಮಿತ್ರಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು, ಹೂ ಇಟ್ಟಳು, ಊದಿನಕಡ್ಡಿ ಬೆಳಗಿದಳು. ಅಷ್ಟು ಮಾಡಿದ ಮೇಲೆ ಅದರ ಮೇಲೆ ಕೂರುವವರು ಯಾರು? ಸಂಜೆಯ ಹೊತ್ತಿಗೆ ಕುರ್ಚಿ ದೇವರ ಕೋಣೆಗೆ ಹೋಯಿತು. ಗಣಪತಿ ಅದರ ಮೇಲೆ ಆರಾಮಾಗಿ ಕೂತ, ನನ್ನ ಸೊಸೆ ಅವನ ಮುಂದೆಯೂ ನಿಂತಳು.

ನಾನು ಸೋಲುವವನಲ್ಲ. ಮರುದಿನ ಮತ್ತೆ ಬಬಲೇಶ್ವರದ ಬಸ್ಸು ಹತ್ತಿದೆ. ದಾರಿಯಲ್ಲಿ ರಾಶಿ ಮುಗಿದ ಜೋಳದ ಹೊಲದ ನಡುವೆ ಅಟ್ಟಣಿಗೆಯೊಂದು ಕಂಡಿತು. ಗೊತ್ತಲ್ಲ, ಹಕ್ಕಿ ಕಾಯುವವರು ಮೇಲೆ ಕೂತು ಕವಣೆ ಬೀಸಲು ನಾಲ್ಕು ಕಂಬದ ಮೇಲೆ ಕಟ್ಟುತ್ತಾರಲ್ಲ, ಅದು. ಸೇಬು ತಲೆಯ ಮೇಲೆ ಬಿದ್ದು ಯಾರಿಗೋ ಬುದ್ಧಿ ಬಂತಂತೆ. ನನಗೆ ಏನೂ ಬೀಳದೆಯೇ ಬಂತು. ಸೊಸೆಯನ್ನು ಯಾಕೆ ಇಳಿಸಬೇಕು? ಮಾವನನ್ನೇ ಏರಿಸಿದರಾಯಿತು.

ಟಿಕೆಟ್ಟಿನ ಹಿಂದೆ ಬರೆದ ನಕ್ಷೆಯನ್ನು ಲಾಲಸಾಬ ತಿರುಗಿಸಿ ಮುರುಗಿಸಿ ನೋಡಿದ.

“ಲೇ ಬಸ್ಯಾ, ಇದು ಕುರ್ಚಿನೋ, ನೀರಿನ ಟಾಕಿನೋ?”

“ಮಾಡರ್ನ್ ಡಿಸೈನ್ ಲೇ. ನಿನಗ ತಿಳಿಯಂಗಿಲ್ಲ.”

“ತಿಳಿಯೂದು ಇರ್ಲಿ. ನೀ ಏರಾಂವ ಹೆಂಗ, ಇಳ್ಯಾಂವ ಹೆಂಗ?”

ಏರಲು ಬದಿಗೆ ಮೂರು ಮೆಟ್ಟಿಲು ಬರೆದಿದ್ದೆ. ಇಳಿಯುವುದನ್ನು ಯೋಚಿಸಿರಲಿಲ್ಲ. ಹೊಸ ಕಲ್ಪನೆಗಳಲ್ಲಿ ಅಷ್ಟು ಸಣ್ಣದನ್ನು ಯಾರು ನೋಡುತ್ತಾರೆ?

ಜಾಲಿ ಕಟ್ಟಿಗೆಯ ಕಾಲು, ಕೂರುವ ಹಲಗೆ ನೆಲದಿಂದ ನಾಲ್ಕಡಿ ಮೇಲೆ, ಕೈಯಿಟ್ಟುಕೊಳ್ಳುವಲ್ಲಿ ದ್ರಾಕ್ಷಿ ಗೊಂಚಲಿನ ಕೆತ್ತನೆ. ಲಾಲಸಾಬನ ಜೊತೆ ಟೆಂಪೋದಲ್ಲಿ ಬಂದು ಇಳಿಯಿತು. ಸುಮಿತ್ರಾ ಕುಂಕುಮದ ಬಟ್ಟಲು ತರುವುದರೊಳಗೆ ನಾನು ಹತ್ತಿ ಕೂತುಬಿಟ್ಟೆ. ತಿರುಗುವ ಫ್ಯಾನಿನ ರೆಕ್ಕೆ ನನ್ನ ತಲೆಯ ಮಟ್ಟಕ್ಕೆ ಬಂದು, ಅಲ್ಲುಳಿದ ಕೂದಲನ್ನು ದೂರದಿಂದ ಎಣಿಸುತ್ತಿತ್ತು. ಆ ದಿನವೇ ಸವಿತಾಳಿಗೆ ಕುಬಸ, ಅಂದರೆ ಸೀಮಂತ, ಮಾಡುವ ಮಾತಿಗೆ ತಿಕೋಟಾದಿಂದ ಅಮ್ಮ ಬರುವವರಿದ್ದರು. ಅವರ ಕಣ್ಣೆದುರೇ ಲೆಕ್ಕ ಸರಿಹೊಂದಿಸಿ, ಅವರ ಕೈಯಿಂದಲೇ ಸೊಸೆಯನ್ನು ಕೂರಿಸಬೇಕೆಂದು ನನ್ನ ಹುನ್ನಾರ. ಅವರು ಒಪ್ಪದಿದ್ದರೆ ಸವಿತಾ ಹೆರಿಗೆಯವರೆಗೂ ಬಾಗಿಲಿಗೆ ಒರಗಿಯೇ ಇರಬೇಕಿತ್ತು.

ಅಮ್ಮ ಕೋಲೂರಿಕೊಂಡು ಒಳಗೆ ಬಂದರು. ಮೊದಲು ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿ ನೋಡಿದರು, ಆಮೇಲೆ ಮೆಟ್ಟಿಲು, ಆಮೇಲೆ ಕತ್ತೆತ್ತಿ ನನ್ನನ್ನು.

“ಏನ್ರಿ ಬೀಗರ, ಈ ವರ್ಷ ಮನ್ಯಾಗೂ ಹಕ್ಕಿ ಕಾಟ ಭಾಳ ಐತೇನು?”

ಸುಮಿತ್ರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸವಿತಾ ಬಾಗಿಲು ಹಿಡಿದು ನಗತೊಡಗಿದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು, ನಿಲ್ಲಲಾರದೆ, ಸೋಫಾದ ಮೇಲೆ ದೊಪ್ಪನೆ ಕೂತೇಬಿಟ್ಟಳು. ಕೂತದ್ದು ಗೊತ್ತಾಗಿ ಗಾಬರಿಯಿಂದ ಏಳಲು ಹೋದಳು. ನಾನು ಮೇಲಿನಿಂದಲೇ ಗಂಭೀರವಾಗಿ ನನ್ನ ಎತ್ತರ, ಸೋಫಾದ ಎತ್ತರ, ನಡುವಿನ ಅಂತರವನ್ನು ಅಮ್ಮನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಮೊಮ್ಮಗಳ ಕಡೆ ತಿರುಗಿದರು.

“ಕೂಡವ್ವಾ, ಏಳಬ್ಯಾಡ. ಅದು ಮದುವಿ ಹಂದರದಾಗ ಅವತ್ತೊಂದ ದಿನಕ್ಕ ಹೇಳಿದ ಮಾತು. ಮೂರು ವರ್ಷ ನಿಂತೀ ಏನು?”

ಈಗ ಪಡಸಾಲೆಯಲ್ಲಿ ಮೂವರೂ ಹೆಂಗಸರು ಸೋಫಾದ ಮೇಲೆ ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು. ಮೊಣಕಾಲು ಹಿಡಿದುಕೊಂಡದ್ದರಿಂದ ನಾನು ಮೇಲೆಯೇ ಇದ್ದೆ. ನನ್ನ ಚಹಾವನ್ನು ಸವಿತಾ ಕೂತಲ್ಲಿಂದಲೇ ಕೈ ಚಾಚಿ ಕೊಡಲು ನೋಡಿದಳು, ಎಟುಕಲಿಲ್ಲ. ಎದ್ದೇನೆಂದರೆ ಅಮ್ಮ ಬಿಡಲಿಲ್ಲ. ಲಾಲಸಾಬ ಬಾಡಿಗೆ ಟೆಂಪೋದವನನ್ನು ಕರೆತಂದು, ಇಬ್ಬರೂ ರಟ್ಟೆ ಹಿಡಿದು ನನ್ನನ್ನು ಇಳಿಸುವ ಹೊತ್ತಿಗೆ ಚಹಾ ಆರಿಹೋಗಿತ್ತು. ಹೋಗುವಾಗ ಅಮ್ಮ ಆ ಕುರ್ಚಿಯನ್ನು ದ್ರಾಕ್ಷಿ ತೋಟಕ್ಕೆ ಕೇಳಿದರು. ಕೊಡಲಿಲ್ಲ. ಕಲಾಕೃತಿ ಅದು.

ನಂಬಲಿಲ್ಲ ತಾನೆ? ಬಂದು ನೋಡಿ, ಕುರ್ಚಿ ಇದೆ, ಕೆತ್ತನೆ ಇದೆ, ಸೊಸೆ ಮಗುವಿನೊಂದಿಗೆ ಸೋಫಾದ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. ಹೇಳಿದ್ದರಲ್ಲಿ ಒಂದನ್ನು ಮಾತ್ರ ನಾನು ಹುಟ್ಟಿಸಿದ್ದು. ಅವಳ ಬಾತ ಪಾದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ನೋಡಿ ನನ್ನ ಕಿವಿ ಹಿಂಡಿದವಳು ಸುಮಿತ್ರಾ. ಆ ಸಂಜೆ ನಾನು ಸೊಸೆಗೆ ಹೇಳಿದ್ದು, ಟೀವಿಗೆ ಅಡ್ಡ ಆಗಿದ್ದೀ, ತುಸು ಆ ಕಡೆ ಸರಿದು ನಿಲ್ಲು ಎಂದು.