ಕರುಳು ಮಾವ

ಊಟದ ಪಂಕ್ತಿಯಲ್ಲಿ ನಮ್ಮ ಸೋದರಮಾವನ ಪಕ್ಕ ಕೂತು ಪಾಯಸದವರೆಗೂ ತಲುಪಿದ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕ್ಯಾತನಹಳ್ಳಿಯ ಕಬ್ಬಿನ ಗದ್ದೆಯಿಂದ ಹೊರಟು ಮೈಸೂರಿನ ಮೆಡಿಕಲ್ ಕಾಲೇಜೊಂದರಲ್ಲಿ ಪ್ರೊಫೆಸರಾದ ಅವರ ಸಂಶೋಧನೆಯೆಲ್ಲ ಕರುಳಿನ ಕಾಯಿಲೆಗಳ ಮೇಲೆ. ನಾಗಮಂಗಲದ ಮದುವೆಯೊಂದರಲ್ಲಿ ಪಕ್ಕದಲ್ಲಿದ್ದ ಬೀಗರು ಸೌಜನ್ಯಕ್ಕೆಂದು ಅವರ ಕೆಲಸದ ಬಗ್ಗೆ ಕೇಳಿದರು. ಕೇಳಬಹುದೇ? ಹುಳಿ ಬರುವಷ್ಟರಲ್ಲಿ ಮಾವ ಹುಣ್ಣಿನ ಬಣ್ಣ ಮುಗಿಸಿ ವಾಸನೆಗೆ ಬಂದಿದ್ದರು. ಕೈ ತೊಳೆಯಲು ಎದ್ದ ಬೀಗರು ಮತ್ತೆ ಬರಲಿಲ್ಲ. ನಾವು ಅವರನ್ನು ಕರುಳು ಮಾವ ಎನ್ನುವುದು ಅವರಿಗೂ ಗೊತ್ತು, ಬೇಸರವೇನಿಲ್ಲ.

ಅವರ ಇನ್ನೊಂದು ಹುಚ್ಚು ಸೈಟೇಶನ್ನು. ಅಂದರೆ, ಇವರ ಲೇಖನವನ್ನು ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಹೆಸರಿಸುವುದು. ನಮ್ಮೂರವರು ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವಷ್ಟೇ ಆಸಕ್ತಿಯಿಂದ ಮಾವ ದಿನಾ ಬೆಳಿಗ್ಗೆ ಅದನ್ನು ನೋಡುತ್ತಾರೆ. ಒಮ್ಮೆ ಟರ್ಕಿಯ ಯಾರೋ ಹೆಸರಿಸಿದರೆಂದು ಮೈಸೂರುಪಾಕು ಹಿಡಿದು ಪಾಂಡವಪುರದ ನಮ್ಮ ಮನೆಗೆ ಬಂದರು. ಆತ ಏನು ಬರೆದಿದ್ದಾನೆ ಎಂದು ಅಮ್ಮ ವಿಚಾರಿಸಿದಳು.

“ನಾನ್ ಯೋಳಿದ್ದು ತಪ್ಪು ಅಂದವ್ನೆ.”

“ಅದ್ಕೆ ಸ್ವೀಟಾ?”

“ಎಸ್ರು ಆಕವ್ನಲ್ಲಕ್ಕ.”

ಮಾವನಿಗೆ ನಿಜವಾದ ಕೀರ್ತಿ ತಂದದ್ದು ಒಂದು ಲೇಖನ. ಕ್ರೋನ್ಸ್ ಎಂಬ ಕರುಳಿನ ಉರಿಯೂತ ಮತ್ತು ಕರುಳಿನ ಕ್ಷಯ, ಎರಡೂ ನೋಡಲು ಅವಳಿಜವಳಿ. ಆದರೆ ಮೊದಲನೆಯದಕ್ಕೆ ಕೊಡುವ ಸ್ಟೆರಾಯ್ಡನ್ನು ಕ್ಷಯವಿದ್ದವರಿಗೆ ಕೊಟ್ಟರೆ ರೋಗ ಮೈಯೆಲ್ಲ ಹರಡಬಹುದು. ಇವೆರಡನ್ನು ಬೇರೆ ಮಾಡಿ ಹೇಳುವ ಕೆಲವು ಗುರುತುಗಳನ್ನು ಮಾವ ಬರೆದಿದ್ದರು. ಆ ವಿಷಯ ಎತ್ತಿದವರೆಲ್ಲ ಮಾವನ ಹೆಸರು ಹೇಳಲೇಬೇಕಿತ್ತು.

ಹೀಗಿರುವಾಗ ಕಿಕ್ಕೇರಿಗೆ ಕೊಟ್ಟಿದ್ದ ನನ್ನ ತಂಗಿ ಹೊಟ್ಟೆನೋವೆಂದು ಹಾಸಿಗೆ ಹಿಡಿದಳು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು, ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಸಂಜೆಯಾದರೆ ಜ್ವರ. ಮೈಸೂರಿನ ಆಸ್ಪತ್ರೆಯಲ್ಲಿ ಕರುಳಿನೊಳಗೆ ಕೊಳವೆ ಬಿಟ್ಟು ನೋಡಿ, ಕರುಳಿನದೇ ಚಿಕ್ಕ ತುಣುಕು ತೆಗೆದು ಪರೀಕ್ಷಿಸಿದ ಯುವ ಡಾಕ್ಟರು ಕ್ರೋನ್ಸ್ ಎಂದು ತೀರ್ಮಾನಿಸಿದರು. ಜೊತೆಗಿದ್ದ ಮಾವನಿಗೆ ಮೊಬೈಲು ತೋರಿಸಿ, ಎಲ್ಲ ಗುರುತುಗಳೂ ನಿಮ್ಮ ಲೇಖನದಲ್ಲಿ ಇರುವಂತೆಯೇ ಇವೆ ಸಾರ್, ಇವತ್ತೇ ಸ್ಟೆರಾಯ್ಡ್ ಶುರು ಮಾಡೋಣ ಎಂದರು.

ಮಾವ ಹಿಗ್ಗುತ್ತಾರೆಂದೇ ನಾನು ಕಾದೆ. ಅವರ ಮುಖ ಬಿಳಿಚಿಕೊಂಡಿತ್ತು. ತಂಗಿಯ ಅತ್ತೆಗೆ ಹಿಂದೆ ಕ್ಷಯವಾಗಿ ವಾಸಿಯಾಗಿದ್ದದ್ದು ಅವರಿಗೆ ಗೊತ್ತಿತ್ತು. ದಿನಾ ಸಂಜೆ ಬರುವ ಈ ಜ್ವರವೂ ಕ್ಷಯದ್ದಿರಬಹುದೆಂದು ಅವರಿಗೆ ಅನುಮಾನ.

“ಅದ್ನ ಬರ್ದಾಗ ಈ ಮಗೀನ ಒಟ್ಟೆ ನಾನು ನೋಡಿರ್ನಿಲ್ಲ ಕಣಪ್ಪ,” ಎಂದರು. “ಸ್ಟೆರಾಯ್ಡ್ ಬ್ಯಾಡ. ಇನ್ನೊಂದ್ಸಲ ತುಣುಕು ತಗ್ದು ಕ್ಷಯಕ್ಕೆ ನೋಡು.”

ಡಾಕ್ಟರು ಒಪ್ಪಿ ಮತ್ತೆ ತುಣುಕು ತೆಗೆದರು. ವರದಿ ಬರುವವರೆಗೆ ತಂಗಿಯನ್ನು ಪಾಂಡವಪುರದ ನಮ್ಮ ಮನೆಗೆ ಕರೆತಂದೆವು. ವರದಿ ಬೇಗ ಬರಲಿಲ್ಲ. ಅವಳು ದಿನೇದಿನೇ ಸೊರಗುತ್ತಿದ್ದಳು. ಒಂದು ಮಧ್ಯಾಹ್ನ ಹೊಟ್ಟೆ ಉಬ್ಬಿ, ನೋವಿನಿಂದ ದಿಂಬು ಕಚ್ಚಿಕೊಂಡಳು. ಮಾವ ಸ್ಟೆತಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಕರುಳು ತೂತಾಗಿದ್ದರೆ ಏನೂ ಕೇಳಿಸುವುದಿಲ್ಲವಂತೆ. ಬಾಗಿಲಲ್ಲಿ ಕಾರು ಸಿದ್ಧವಿತ್ತು. ಕೊನೆಗೆ ಮಾವ, ಗುಡುಗುಡು ಅಂತದೆ ಎಂದರು. ಹೊಟ್ಟೆ ಗುಡುಗುಟ್ಟಿದ್ದಕ್ಕೆ ಮನೆ ಮಂದಿಯೆಲ್ಲ ದೇವರಿಗೆ ಕೈ ಮುಗಿದದ್ದು ನಮ್ಮ ವಂಶದಲ್ಲೇ ಮೊದಲಿರಬೇಕು.

ತಂಗಿಯ ಗಂಡ ಮಾತ್ರ ಕೈ ಮುಗಿಯಲಿಲ್ಲ. ಕಿಕ್ಕೇರಿಯಲ್ಲಿ ಹಾಲು ಕರೆಯುವುದನ್ನೂ ಬಿಟ್ಟು ಬಂದು ಅವಳ ಮಂಚದ ಕಾಲಿಗೇ ಅಂಟಿಕೊಂಡಿದ್ದ ಮನುಷ್ಯ. ಔಷಧಿ ಕೊಡಲು ಡಾಕ್ಟರು ತಯಾರಿದ್ದರೂ ತಡೆದದ್ದು ಮಾವನೇ ಎಂಬ ಸಿಟ್ಟು ಅವನಿಗೆ.

“ಇನ್ನೊಂದು ಲೇಖನ ಬರ್ಯಕ್ಕೆ ನನ್ನೆಂಡ್ತೀನೇ ಬೇಕಿತ್ತಾ ನಿಮ್ಗೆ?” ಎಂದ.

ಮಾವ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಇನ್ನು ಬರುವುದಿಲ್ಲವೇನೋ ಎಂದುಕೊಂಡೆವು. ಮರುದಿನ ಮೊದಲ ಬಸ್ಸಿಗೇ ಬಂದರು, ಅದರ ಮರುದಿನವೂ. ಸೈಟೇಶನ್ನಿನ ಸುದ್ದಿಯೇ ಇಲ್ಲ. ಎಷ್ಟೋ ವರ್ಷ ಬೇಡವೆಂದರೂ ಕೇಳಿಸಿಕೊಂಡಿದ್ದ ನಮಗೆ, ಅದನ್ನು ಹೇಳದ ಮಾವನನ್ನು ನೋಡಿ ಹೆದರಿಕೆಯಾಗುತ್ತಿತ್ತು.

ಕೊನೆಗೆ ವರದಿ ಬಂತು. ಕ್ಷಯ. ಸ್ಟೆರಾಯ್ಡ್ ಕೊಟ್ಟಿದ್ದರೆ ಅದು ಮೈಯೆಲ್ಲ ಹರಡಿರುತ್ತಿತ್ತೋ ಏನೋ. ತಂಗಿಯ ಗಂಡ ಒಳಗೆ ಹೋಗಿ ತಾನೇ ಕಾಫಿ ಮಾಡಿ ತಂದು ಮಾವನ ಕೈಗಿಟ್ಟ. ಮಾವ ಸಕ್ಕರೆ ಸಾಲದೆಂದು ಹೇಳದೆ ಕುಡಿದರು. ಕ್ಷಯದ ಮಾತ್ರೆ ಅಂದೇ ಶುರುವಾಯಿತು. ತಮ್ಮ ಗುರುತುಗಳು ತಪ್ಪಿದ್ದನ್ನು ಬರೆದು, ಅವನ್ನೇ ನಂಬಿ ಔಷಧಿ ಕೊಡಬೇಡಿ ಎಂದು ಮಾವ ಆ ಲೇಖನ ಅಚ್ಚಾಗಿದ್ದ ವೈದ್ಯಕೀಯ ಪತ್ರಿಕೆಗೂ ಕಳಿಸಿದರು.

ಜ್ವರ ಮಾತ್ರ ಬೇಗ ಬಿಡಲಿಲ್ಲ. ಮಾವ ಸಂಜೆಗೆ ಸರಿಯಾಗಿ ಬಂದು ಕೂರುತ್ತಿದ್ದರು. ಒಂದು ಸಂಜೆ ದೀಪ ಹಚ್ಚಿದ ಮೇಲೂ ಅವಳ ಮೈ ಕಾಯಲಿಲ್ಲ. ಮಾವ ಥರ್ಮಾಮೀಟರು ನೋಡಿದರು. ನಂಬಿಕೆಯಾಗದೆ ಹಣೆ ಮುಟ್ಟಿದರು. ಆಮೇಲೆ ಹೊದಿಕೆಯೊಳಗೆ ಕೈ ಹಾಕಿ ಅವಳ ಪಾದ ಹಿಡಿದುಕೊಂಡರು. ದೊಡ್ಡವರು ಕಾಲು ಮುಟ್ಟುವುದೇ ಎಂದು ಅವಳು ಗಾಬರಿಯಿಂದ ಎಳೆದುಕೊಳ್ಳಲು ನೋಡಿದಳು.

“ಇರ್ಲಿ ಬುಡವ್ವ,” ಎಂದರು ಮಾವ, ತಲೆಯೆತ್ತದೆ. “ತಣ್ಣಗದೆ.”