ಬಾಟಲಿ ತುಂಬ ಮಳೆ

ಅವಸರದವನು ಮಾಡಿದ ತಪ್ಪನ್ನು ಜನ ತಪ್ಪು ಎಂದೇ ತಿಳಿಯುತ್ತಾರೆ. ನಿಧಾನಸ್ಥ ಮಾಡಿದ ತಪ್ಪನ್ನು ನಂಬಿಬಿಡುತ್ತಾರೆ. ನಾನು ನಿಧಾನಸ್ಥ. ಜಮಖಂಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ಸಭೆಗೆ ಹೋದರೆ ಭಾಷಣದ ಜೊತೆಗೆ ಖಾಲಿ ಕುರ್ಚಿಗಳನ್ನೂ ಎಣಿಸಿ ಬರೆಯುತ್ತೇನೆಂದು ಸಂಘಟಕರು ನನ್ನನ್ನು ಕರೆಯುವುದನ್ನೇ ಕಡಿಮೆ ಮಾಡಿದ್ದಾರೆ. ಇಂಥ ನಾನು ಒಂದು ಮುಂಜಾನೆ ನಾಲ್ಕು ಊರುಗಳ ಮೇಲೆ ಇಲ್ಲದ ಮಳೆ ಸುರಿಸಿದೆ.

ಇದಕ್ಕೆ ಮೂಲ, ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ವರದಿಗಾರರಿಗೆ ನಡೆದ ತರಬೇತಿ. ಹವಾಮಾನ ಬದಲಾವಣೆಯ ಬಗ್ಗೆ ಬರೆಯುವುದು ಹೇಗೆಂದು ಕಲಿಸಲು ಒಬ್ಬ ಮೇಡಂ ಬಂದಿದ್ದರು. "ಈ ವಿಷಯ ಯಾರಾದರೂ ಬರೆದಿದ್ದೀರಾ?" ಎಂದು ಕೇಳಿದರು. ಮುಧೋಳದ ಅಶೋಕ ಎದ್ದು ನಿಂತ. "ಬರದೇನ್ರಿ ಮೇಡಮ್ಮಾರ. ಪರಿಸರ ದಿನ ಸಸಿ ಹಚ್ಚಿದ್ದು ಪ್ರತಿ ವರ್ಷಾ ಬರೀತೇನಿ." ಸಸಿಗಳು ಈಗ ಹೇಗಿವೆ ಎಂದು ಅವರು ಕೇಳಿದರು. "ಸಸಿದು ಗೊತ್ತಿಲ್ರಿ. ತಗ್ಗು ಮಾತ್ರ ಛಲೋ ಐತಿ. ಹೋದ ಏಳು ವರ್ಷದಿಂದ ಅದ ತಗ್ಗಿನಾಗ ಹಚ್ಚಾಕತ್ತಾರ."

ಮೇಡಂ ನಗಲಿಲ್ಲ. ಕೇಳಿದ್ದನ್ನು ಬರೆಯಬೇಡಿ, ಅಳೆದದ್ದನ್ನು ಬರೆಯಿರಿ ಎಂದರು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕೊಯ್ದು, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ ಮಳೆಮಾಪಕ ಮಾಡುವುದನ್ನು ಕಲಿಸಿದರು. ದಿನಾ ಮುಂಜಾನೆ ಎಂಟಕ್ಕೆ ಅಳತೆಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು. ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯೆಂದರೆ, ನಮ್ಮಲ್ಲಿ ಸುದ್ದಿಯನ್ನು ಒಬ್ಬ ಬರೆಯುತ್ತಾನೆ, ಉಳಿದವರು ಊರಿನ ಹೆಸರು ಬದಲಿಸಿ ಕಳಿಸುತ್ತಾರೆ. ಬೀಳಗಿಯ ರಾಜ್ಯೋತ್ಸವವೂ ಬನಹಟ್ಟಿಯ ರಾಜ್ಯೋತ್ಸವವೂ ಒಂದೇ ವಾಕ್ಯದಲ್ಲಿ ಸಂಭ್ರಮಿಸಿದ್ದು ಎಷ್ಟು ಸಲವೋ. ಯಾವಾಗಲೂ ಬರೆಯುವವನು ನಾನು, ಏಕೆಂದರೆ ಎಲ್ಲರಿಗೂ ನನ್ನ ಮೇಲೆ ನಂಬಿಕೆ.

ಆ ದಿನ ನಸುಕಿನಲ್ಲಿ ನಾಲ್ಕು ಹನಿ ಬಿದ್ದಿದ್ದವು. ಎಂಟಕ್ಕೆ ಮಾಳಿಗೆ ಹತ್ತಿ ನೋಡಿದರೆ ಬಾಟಲಿ ತುಂಬಿ ತುಳುಕುತ್ತಿತ್ತು. ಮೂರು ಸಲ ನೋಡಿದೆ, ಫೋಟೊ ತೆಗೆದೆ, "ಜಮಖಂಡಿಯಲ್ಲಿ ಮೇಘಸ್ಫೋಟ" ಎಂದು ಬರೆದು ಹಾಕಿದೆ. ಅರ್ಧ ತಾಸಿನಲ್ಲಿ ಮುಧೋಳ, ಬೀಳಗಿ, ಬನಹಟ್ಟಿಗಳಲ್ಲೂ ಮೇಘ ಸ್ಫೋಟಿಸಿತು. ಅದು ಊರೂರಿನ ಫೋನುಗಳಿಗೆ ಹಬ್ಬಿತು.

ಒಂಬತ್ತಕ್ಕೆ ಹುನ್ನೂರಿನ ಸಿದ್ದಪ್ಪ ಫೋನ್ ಮಾಡಿದ. ಕುರಿ ಸಾಕುವವನು, ಬೀರಪ್ಪನ ಭಕ್ತ, ಹಳೆಯ ಪರಿಚಯ. "ಸಾಹೇಬ್ರ, ಹಳ್ಳದ ದಂಡಿಗೆ ಹಟ್ಟಿ ಹಾಕೇವಿ. ನೀರ್ ಬರ್ತೈತಿ, ಎಬ್ಬಸ್ರಿ ಅಂತ ಊರಾಗ ಗದ್ಲ ಹಚ್ಯಾರ. ಒಂದು ಕುರಿ ಈಯಾಕ ಕುಂತೈತಿ, ಮರಿ ಅಡ್ಡ ಸಿಕ್ಕೈತಿ. ಈಗ ಎಬ್ಬಿಸಿದ್ರ ಎರಡೂ ಉಳಿಯೂದಿಲ್ಲ. ಜಮಖಂಡ್ಯಾಗ ಮಳಿ ಆಗಿದ್ದು ಖರೇನ?"

"ಖರೆ, ಸಿದ್ದಪ್ಪ. ನಾನ ಅಳದೇನಿ" ಎಂದೆ. "ಅಳದೀರಂದ್ರ ಮುಗೀತ್ ಬಿಡ್ರಿ" ಎಂದು ಫೋನ್ ಇಟ್ಟ.

ನನ್ನ ಹೆಂಡತಿ ಮಹಾದೇವಿ ಆಗ ಒಣಗಿದ ಬಟ್ಟೆ ತೆಗೆದುಕೊಂಡು ಮಾಳಿಗೆಯಿಂದ ಇಳಿದಳು. ಒಣಗಿದ ಬಟ್ಟೆ. ನಾನು ಅದನ್ನೇ ನೋಡುತ್ತ ನಿಂತೆ. "ಏನ್ ನೋಡ್ತೀರಿ? ಮುಂಜಾನೆ ಐದಕ್ಕ ಮೋಟರ್ ಚಾಲೂ ಮಾಡಿ ಮತ್ತ ಹೊಚ್ಕೊಂಡು ಮಲಗಿದ್ರಲ್ಲ, ಟಾಕಿ ತುಂಬಿ ಹರದು ಹರದು ಸಾಕಾತು. ಅದರ ಪೈಪಿನ ಬುಡಕ್ಕ ನಿಮ್ಮ ಬಾಟ್ಲಿ ಇಟ್ಟವ್ರು ಯಾರು?"

ಇಟ್ಟವನು ನಾನೇ. ಗಾಳಿಗೆ ಬೀಳದ ಜಾಗವೆಂದು ನಿಧಾನವಾಗಿ ವಿಚಾರ ಮಾಡಿ ಇಟ್ಟಿದ್ದೆ.

ಸಿದ್ದಪ್ಪನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಗುಂಪಿನಲ್ಲಿ "ಅದು ಮಳೆಯಲ್ಲ, ನಮ್ಮ ಮನೆಯ ಟಾಕಿ ನೀರು" ಎಂದು ತಪ್ಪೊಪ್ಪಿಗೆ ಹಾಕಿ ಬೈಕ್ ಹತ್ತಿದೆ. ದಾರಿಯಲ್ಲಿ ನಿಂತು ನೋಡಿದರೆ ಅಶೋಕ ಆಗಲೇ ಬರೆದಿದ್ದ: "ಮುಧೋಳದಲ್ಲೂ ಟಾಕಿ ನೀರು." ಬೀಳಗಿಯ ಟಾಕಿಯೂ ಸ್ವಲ್ಪ ಹೊತ್ತಿನಲ್ಲೇ ತುಂಬಿತು. ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದೆ. ಅಂದು ಆ ಕುರಿಯೊಂದೇ ಕಣ್ಣ ಮುಂದಿತ್ತು. ಎಂಥ ದೊಡ್ಡ ಹಳ್ಳ ಬಂದರೂ ಅದಕ್ಕೊಂದು ಕ್ಷಮೆ ಇದೆ, ಬಾರದ ಹಳ್ಳಕ್ಕೆ ಹೆದರಿಸಿ ಸಾಯಿಸಿದವನಿಗೆ ಇಲ್ಲ.

ಹಳ್ಳದ ದಂಡೆಯಲ್ಲಿ ಹಟ್ಟಿ ಇರಲಿಲ್ಲ. ಮೇಲಿನ ದಿಬ್ಬದಲ್ಲಿ ಕುರಿಗಳ ಹಿಂಡು ಕಂಡಿತು. ಏರಿ ಹೋದರೆ ಸಿದ್ದಪ್ಪ ಕಂಬಳಿ ಹಾಸಿ ಕುಳಿತಿದ್ದ. ಪಕ್ಕದಲ್ಲಿ ತಾಯಿ ಕುರಿ ತನ್ನ ಒದ್ದೆ ಮರಿಯನ್ನು ನೆಕ್ಕುತ್ತಿತ್ತು. ಮರಿ ಎದ್ದು ನಿಲ್ಲಲು ನೋಡಿ ಬಿತ್ತು, ಮತ್ತೆ ಎದ್ದಿತು. ನಾನು ಕಂಬಳಿಯ ಅಂಚಿಗೆ ಕುಳಿತೆ.

"ಕುರಿನ ಎತ್ತಿ ತರೂವಾಗ ಮೈ ಹೊಳ್ಳಾಡಿ ಅಡ್ಡ ಇದ್ದ ಮರಿ ಸರಳ ಆತು" ಎಂದ. "ಬೀರಪ್ಪ ದೊಡ್ಡಾವ. ನೀರು ಎಲ್ಲೈತ್ರೀ ಸಾಹೇಬ್ರ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಮರಿಯನ್ನು ತಾಯಿಯ ಹತ್ತಿರಕ್ಕೆ ಸರಿಸಿದ. "ಹಂಗಾರ ಮೋಟರ್ ಬಂದ್ ಮಾಡಿ ಬಂದೀರಿಲ್ಲೋ?"

ಚಹಾ ಕುಡಿಯುತ್ತ ಅವನೇ ಮಾತು ತೆಗೆದ. ಮೊದಲು ಹಳ್ಳ ಯಾವಾಗ ಹರಿಯುತ್ತಿತ್ತು, ಈಗ ಹಿಂಡು ಎಷ್ಟು ದೂರ ಹೋಗಬೇಕು, ಯಾವ ಹುಲ್ಲು ಕಾಣೆಯಾಗಿದೆ. ಎರಡು ತಾಸು ಬರೆದುಕೊಂಡೆ. ಎದ್ದಾಗ ಸಿದ್ದಪ್ಪ ತಡೆದ. "ಕುಂದರ್ರಿ. ಬರದಿದ್ದು ಓದ್ರಿ. ನಿಮ್ಮ ಮ್ಯಾಲ ಇವತ್ತ ನಂಬಿಕಿ ಇಲ್ಲ."

ಓದಿದೆ. ಮೂರು ವಾಕ್ಯ ಹೊಡೆದುಹಾಕಿಸಿದ. ಅವು ತಾನು ಹೇಳಿದ್ದಲ್ಲ, ನಾನು ಸೇರಿಸಿದ್ದು ಎಂದ. ನಿಜ. ವರದಿ ಅಚ್ಚಾಯಿತು, ಮೇಡಂ ಮೆಚ್ಚಿ ಪತ್ರ ಬರೆದರು. ಆದರೂ ಒಳಗೊಳಗೇ ಸಂಕಟ. ಇಡೀ ವರದಿಯಲ್ಲಿ ಚೆನ್ನಾಗಿದ್ದದ್ದು ಆ ಮೂರೇ ವಾಕ್ಯ.